ನೂರ ಅರವತ್ತು ಬಕೆಟ್ ನೀರು

ಆಲ್ಕೊಳ, ಭದ್ರಾವತಿ

ಟಾಂಜಾನಿಯಾದಲ್ಲಿ ಏನೇನು ನೋಡಿದೆ ಎಂದು ಊರಿನವರು ಫೋನಿನಲ್ಲಿ ಕೇಳುತ್ತಾರೆ. ಆನೆ, ಜಿರಾಫೆ, ಜೀಬ್ರಾ ಮೂರನ್ನೂ ಬಸ್ಸಿನ ಕಿಟಕಿಯಿಂದಲೇ ನೋಡಿದೆ. ಅವುಗಳ ಬಗ್ಗೆ ಬರೆಯಲು ಬೇರೆಯವರಿದ್ದಾರೆ. ನಾನು ಇಲ್ಲಿಗೆ ಬಂದು ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಕಳ್ಳಿ ಎಂದೆ. ನನಗೆ ಬರೆಯಬೇಕಾಗಿರುವುದು ಅದನ್ನು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೆಸರು ಸ್ಟೆಲ್ಲಾ. ಶಿವಮೊಗ್ಗದ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದವಳು. ಪರೀಕ್ಷೆ ಬಂತೆಂದರೆ ಕೊಠಡಿ ಮೇಲ್ವಿಚಾರಣೆಗೆ ನನ್ನನ್ನೇ ಹುಡುಕಿ ಹಾಕುತ್ತಿದ್ದರು. ಚೀಟಿ ಎಲ್ಲಿದೆ ಎನ್ನುವುದು ಮಕ್ಕಳು ಕೂತ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು. ಸಾಕ್ಸಿನೊಳಗೆ, ಜಾಮಿಟ್ರಿ ಬಾಕ್ಸಿನ ಮುಚ್ಚಳದಲ್ಲಿ, ಒಮ್ಮೆ ಒಬ್ಬಳ ಜಡೆಯ ರಿಬ್ಬನ್ನಿನಲ್ಲಿ ಹಿಡಿದಿದ್ದೇನೆ. ಮಕ್ಕಳು ನನ್ನನ್ನು ಬೆನ್ನ ಹಿಂದೆ 'ಎಕ್ಸ್‌ರೇ' ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಎಡಗಡೆ ಮನೆಯವರು ತಮಿಳು, ಬಲಗಡೆಯವರು ತೆಲುಗು. ನಾನು ಆರನೇ ವಯಸ್ಸಿನಲ್ಲೇ ಹಾಲಿನವಳ ಅಳತೆ ಪಾತ್ರೆಯ ತಳ ಬಗ್ಗಿಸಿ ನೋಡುತ್ತಿದ್ದೆನಂತೆ. ತೆಲುಗಿನ ಅತ್ತೆ ಅದನ್ನು ಕಂಡಾಗಲೆಲ್ಲ 'ಅನುಮಾನಂ ಪೆದ್ದ ರೋಗಂ', ಅನುಮಾನ ದೊಡ್ಡ ರೋಗ, ಎನ್ನುತ್ತಿದ್ದರು. ಆ ರೋಗಕ್ಕೆ ನಾನು ಮದ್ದು ಹುಡುಕಲಿಲ್ಲ. ಅದನ್ನೇ ವೃತ್ತಿ ಮಾಡಿಕೊಂಡೆ.

ಗಂಡ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಆಲ್ಕೊಳದ ಮನೆಯಲ್ಲಿ ಸುಮ್ಮನಿದ್ದೆ. ನಮ್ಮ ಪಾಸ್ಟರು ಬಂದು, ಟಾಂಜಾನಿಯಾದ ಬೆಟ್ಟದೂರಿನ ಮಿಷನ್ ಶಾಲೆಗೆ ಎರಡು ವರ್ಷದ ಮಟ್ಟಿಗೆ ಗಣಿತದ ಟೀಚರ್ ಬೇಕಾಗಿದ್ದಾರೆ, ಸೇವೆ ಎಂದುಕೊಂಡು ಹೋಗಿ ಎಂದರು. ಇಷ್ಟು ಜನರಿರುವಾಗ ನನ್ನನ್ನೇ ಯಾಕೆ ಕೇಳುತ್ತಿದ್ದಾರೆ ಎಂದು ಒಂದು ವಾರ ಯೋಚಿಸಿ ಒಪ್ಪಿದೆ.

ಒಪ್ಪಿದ ಮೇಲೆ ಅನುಮಾನ ಪಡುವ ಸರದಿ ಊರಿನವರದಾಯಿತು. ಮೂವತ್ತು ವರ್ಷದಿಂದ ನಮ್ಮ ಮನೆಯ ಕ್ರಿಸ್‌ಮಸ್ ಕೇಕು ತಿಂದ ಎದುರುಮನೆ ಶಾಂತಕ್ಕ ಗೇಟಿನ ಹತ್ತಿರ ನಿಲ್ಲಿಸಿ, ದನಿ ಇಳಿಸಿ ಕೇಳಿದರು: "ನಿಜ ಹೇಳು ಮಾರಾಯ್ತಿ, ಎಷ್ಟು ಜನನ್ನ ಸೇರಿಸ್ಬೇಕು ಅಂತ ಲೆಕ್ಕ ಕೊಟ್ಟಿದಾರೆ?" ಅಲ್ಲಿಯವರು ನನ್ನ ಅಜ್ಜನ ಕಾಲಕ್ಕೆ ಮುಂಚಿನಿಂದ ಕ್ರೈಸ್ತರು, ನಾನು ಹೋಗುವುದು ಭಿನ್ನರಾಶಿ ಕಲಿಸಲು ಎಂದೆ. ಅವರು ನಂಬಲಿಲ್ಲ. ನಮ್ಮ ಚರ್ಚಿನ ಹೆಂಗಸರಂತೂ ನಾನು ಡಾಲರಿಗೆ ಹೋಗುತ್ತಿದ್ದೇನೆ ಎಂದು ಮಾತಾಡಿಕೊಂಡರು.

ಹೊರಡುವ ಮುಂಚೆ ಗಾಂಧಿ ಬಜಾರಿನಲ್ಲಿ ಮೂರು ಬೀಗ ಕೊಂಡೆ. ಬಾಗಿಲಿಗೊಂದು, ಬೀರುವಿಗೊಂದು, ಟ್ರಂಕಿಗೊಂದು. ಅಂಗಡಿಯ ಸಾಬರು ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ. ಬೀಗ ಕಾಗದದಲ್ಲಿ ಸುತ್ತುತ್ತಾ, "ಟೀಚರ್, ಅವರು ಭರೋಸಾ ಇಟ್ಟು ಮಕ್ಕಳನ್ನೇ ನಿಮ್ಮ ಕೈಗೆ ಕೊಡ್ತಾರೆ. ನೀವು ಬೀಗ ತಗೊಂಡು ಹೋಗ್ತೀರಾ?" ಎಂದರು. ಕೀಲಿ ಎರಡೆರಡು ಇವೆಯೇ ಎಂದು ನೋಡಿಕೊಂಡು ಬಂದೆ.

ಬೆಟ್ಟದ ಬಸ್ಸು

ದಾರ್ ಎಸ್ ಸಲಾಮಿನಿಂದ ಇರಿಂಗಾಕ್ಕೆ ದೊಡ್ಡ ಬಸ್ಸು, ಅಲ್ಲಿಂದ ಬೆಟ್ಟಕ್ಕೆ ಚಿಕ್ಕ ಬಸ್ಸು. ಚಿಕ್ಕ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಭದ್ರಾವತಿ ಬಸ್ಸಿನಲ್ಲಿ ಬೆಳಗಿನ ಹೊತ್ತು ನಿಲ್ಲುವ ಹಾಗೆಯೇ ಒಂದು ಕಂಬಿ ಹಿಡಿದು ನಿಂತೆ. ಎದುರು ಕೂತಿದ್ದ ಗಂಡಸೊಬ್ಬ ಒಂದು ಮಾತೂ ಆಡದೆ ನನ್ನ ಹೆಗಲಿನ ಚೀಲಕ್ಕೆ ಕೈ ಹಾಕಿ ಎಳೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಕೂತವರು ನಿಂತವರ ಚೀಲ ಇಟ್ಟುಕೊಳ್ಳುವುದು ನಮ್ಮ ಸಿಟಿ ಬಸ್ಸಿನಲ್ಲೂ ಉಂಟು. ಆದರೆ ನಮ್ಮಲ್ಲಿ ಕೇಳಿ ತೆಗೆದುಕೊಳ್ಳುತ್ತಾರೆ, ನಾನು ಕೊಡುವುದಿಲ್ಲ. ಪಾಸ್‌ಪೋರ್ಟು ಅದರಲ್ಲೇ ಇತ್ತು. ಚೀಲ ಅವನ ತೊಡೆಯ ಮೇಲಿರಲಿ ಎಂದು ಬಿಟ್ಟು, ಅದರ ಪಟ್ಟಿಯನ್ನು ಮಾತ್ರ ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಒಂದೂವರೆ ಗಂಟೆ ಹೀಗೇ ಹೋಯಿತು. ಹಸುವನ್ನು ಹಗ್ಗದಲ್ಲಿ ಹಿಡಿದು ಸಂತೆಗೆ ಹೊರಟವಳ ಹಾಗೆ ಕಾಣುತ್ತಿದ್ದೆನೋ ಏನೋ, ಹಿಂದಿನ ಸೀಟಿನ ಹೆಂಗಸರು ನಕ್ಕೂ ನಕ್ಕೂ ಸುಸ್ತಾದರು. ಇಳಿಯುವಾಗ ಆತ ಎದ್ದು ನಿಂತು, ಎರಡೂ ಕೈಯಲ್ಲಿ ಚೀಲ ಎತ್ತಿಕೊಟ್ಟ. ನಾನು ರಸ್ತೆಯಲ್ಲಿ ನಿಂತು ಜಿಪ್ ತೆಗೆದು ಎಲ್ಲಾ ಇದೆಯೇ ಎಂದು ನೋಡಿಕೊಂಡೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಅವನು ಕಿಟಕಿಯಿಂದ ನೋಡುತ್ತಿದ್ದ.

ಶಾಲೆ

ಶಾಲೆ ಬೋಳುಗುಡ್ಡದ ನೆತ್ತಿಯಲ್ಲಿದೆ. ಹುಡುಗಿಯರ ಹಾಸ್ಟೆಲ್ಲೂ ಅಲ್ಲೇ. ಮರಕ್ಕೆ ತೂಗುಹಾಕಿದ ಲಾರಿ ಚಕ್ರದ ರಿಮ್ಮನ್ನು ಕಬ್ಬಿಣದ ಸರಳಿನಿಂದ ಬಡಿದರೆ ಗಂಟೆಯಾದಂತೆ. ಹೆಡ್‌ಮಿಸ್ ಹೆಸರು ರೆಹೆಮಾ. ಎಲ್ಲರೂ ಅವರನ್ನು 'ಮಾಮಾ ರೆಹೆಮಾ' ಎಂದು ಕರೆಯುತ್ತಾರೆ. ಅಲ್ಲಿ ಮಾಮಾ ಎಂದರೆ ತಾಯಿ. ಅರವತ್ತರ ಹತ್ತಿರದ ಹೆಂಗಸನ್ನು ಮಾಮಾ ಎಂದು ಕರೆಯಲು ನನ್ನ ನಾಲಿಗೆ ಒಂದು ವಾರ ಒಪ್ಪಲಿಲ್ಲ.

ಅಲ್ಲಿ ಇಂಡಿಯಾದವರು ಎಂದರೆ ಅಂಗಡಿಯವರು ಎಂದೇ ಅರ್ಥ. ಇರಿಂಗಾದ ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿ ಎಲ್ಲಾ ಗುಜರಾತಿಗಳದು. ಹಾಗಾಗಿ ಮೊದಲ ವಾರ ಸಿಕ್ಕವರೆಲ್ಲ ನನ್ನ ಅಂಗಡಿ ಎಲ್ಲಿ ಎಂದು ಕೇಳಿದರು. ಅಂಗಡಿ ಇಲ್ಲ, ಟೀಚರ್ ಎಂದರೆ, ಹಾಗಾದರೆ ಯಾವಾಗ ಹಾಕುತ್ತೀರಿ ಎಂದರು. ಇಂಡಿಯಾದಲ್ಲಿ ಕ್ರೈಸ್ತರಿದ್ದಾರೆ ಎನ್ನುವುದನ್ನಂತೂ ಯಾರೂ ನಂಬಲಿಲ್ಲ. ಶಿವಮೊಗ್ಗದಲ್ಲಿ ನಾನು ಅತಿ ಕ್ರೈಸ್ತಳಾಗಿ ಕಂಡೆ. ಇಲ್ಲಿ ಕ್ರೈಸ್ತಳಲ್ಲವೇ ಅಲ್ಲ ಎಂದಾಯಿತು.

ಮೊದಲ ಭಾನುವಾರ ಊಟಕ್ಕೆ ಕರೆದ ಚರ್ಚಿನ ಹಿರಿಯರು ನನ್ನನ್ನೇ ಪ್ರಾರ್ಥನೆ ಮಾಡಲು ಹೇಳಿದರು. ಅದು ಪರೀಕ್ಷೆ ಎಂದು ತಕ್ಷಣ ಗೊತ್ತಾಯಿತು. ಹನ್ನೆರಡು ಜನ ಅರೆಗಣ್ಣು ತೆರೆದು ನನ್ನ ತುಟಿಯನ್ನೇ ನೋಡುತ್ತಿದ್ದರು. ಕನ್ನಡದಲ್ಲಿ ಉದ್ದಕ್ಕೆ ಪ್ರಾರ್ಥಿಸಿದೆ. ಅವರಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ, ಕರ್ತನೇ ಈ ಜನರ ಅನುಮಾನದ ಬುದ್ಧಿಯನ್ನು ತೆಗೆದುಹಾಕು ಎಂದೂ ಸೇರಿಸಿದೆ. ಎಲ್ಲರೂ ಗಟ್ಟಿಯಾಗಿ ಆಮೆನ್ ಎಂದರು.

ಇನ್ನು ಅವರ ಮರ್ಯಾದೆಯ ವಿಚಾರ. ಚಿಕ್ಕವರು ದೊಡ್ಡವರನ್ನು ಕಂಡರೆ 'ಶಿಕಾಮೋ' ಎನ್ನಬೇಕು. ನಿಮ್ಮ ಕಾಲು ಹಿಡಿಯುತ್ತೇನೆ ಎಂದು ಅದರ ಅರ್ಥವಂತೆ. ನಮ್ಮ ಕಡೆ ಯಾರಾದರೂ ಕಾಲು ಹಿಡಿದರೆ ಏನೋ ಕೆಲಸ ಆಗಬೇಕಾಗಿದೆ ಎಂದೇ ಲೆಕ್ಕ. ದಿನಕ್ಕೆ ನೂರು ಜನ ಕಾಲು ಹಿಡಿಯುತ್ತೇನೆ ಎಂದರೆ ನಾನು ಏನೆಂದುಕೊಳ್ಳಬೇಕು? ಅಷ್ಟಕ್ಕೇ ಬಿಡುವುದಿಲ್ಲ. ನಿದ್ದೆ ಬಂತೇ, ಮನೆಯವರು ಹೇಗಿದ್ದಾರೆ, ಕೆಲಸ ಹೇಗಿದೆ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಯಾರ ಮನೆಯಿಂದ ಹೊರಟರೂ ಅವರು ಅರ್ಧ ದಾರಿಯವರೆಗೆ ಜೊತೆಗೆ ನಡೆದು ಬರುತ್ತಾರೆ. ನಾನು ಎಲ್ಲಿಗೆ ಹೋಗುತ್ತೇನೆ ಎಂದು ಯಾರೋ ಗಮನಿಸಲು ಹೇಳಿರಬೇಕು ಎಂದುಕೊಂಡೆ. ಒಂದು ದಿನ ಬೇಕೆಂದೇ ದಾರಿ ತಪ್ಪಿಸಿ ಜೋಳದ ಹೊಲದೊಳಗೆ ಹೋದೆ. ನನ್ನನ್ನು ಬೀಳ್ಕೊಡಲು ಬಂದಿದ್ದ ಲೈಬ್ರರಿಯ ಹೆಂಗಸು ಒಂದೂ ಪ್ರಶ್ನೆ ಕೇಳದೆ ಜೋಳದೊಳಗೂ ಹಿಂದೆಯೇ ಬಂದಳು.

ಶಾಲೆಯಲ್ಲಿ ಒಬ್ಬೊಬ್ಬ ಟೀಚರಿಗೆ ಒಬ್ಬೊಬ್ಬ ಹುಡುಗಿ ಬೆಳಿಗ್ಗೆ ಎರಡು ಬಕೆಟ್ ನೀರು ತಂದು, ಕೋಣೆ ಗುಡಿಸಿ ಹೋಗುವ ಪದ್ಧತಿ. ನನ್ನ ಪಾಲಿಗೆ ಬಂದವಳು ನೀಮಾ. ಮೊದಲ ತರಗತಿಯವಳು, ಅಂದರೆ ನಮ್ಮ ಎಂಟನೇ ಕ್ಲಾಸು. ಎಲ್ಲಾ ಹುಡುಗಿಯರೂ ತಲೆಗೂದಲು ಸಣ್ಣಗೆ ಕತ್ತರಿಸಿಕೊಂಡಿರುವುದರಿಂದ ನನಗೆ ಒಬ್ಬರಿಗೊಬ್ಬರು ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ನೀಮಾಳ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು, ಅದರಿಂದ ಅವಳು ಗೊತ್ತಾಗುತ್ತಿದ್ದಳು. ಬಾಗಿಲು ತೆರೆದೇ ಇದ್ದರೂ ಹೊರಗೆ ನಿಂತು 'ಹೋದಿ' ಎಂದು ಕೂಗುವಳು, ಒಳಗೆ ಬರಲೇ ಎಂದು ಅದರ ಅರ್ಥ. ನಾನು ಬಾ ಎನ್ನುವವರೆಗೆ ತಲೆಯ ಮೇಲಿನ ಬಕೆಟ್ ಇಳಿಸುತ್ತಿರಲಿಲ್ಲ. ನಾನು ಬಾ ಎನ್ನುವ ಮುಂಚೆ ಬೀರುವಿನ ಬೀಗ, ಟ್ರಂಕಿನ ಬೀಗ ಎಳೆದು ನೋಡುತ್ತಿದ್ದೆ. ಆ ಸದ್ದು ಅವಳಿಗೆ ಹೊರಗೆ ಕೇಳಿಸಿಯೇ ಇರುತ್ತದೆ.

ಬೋರ್ಡಿನ ಮೇಲೆ

ಮೊದಲ ತರಗತಿಯಲ್ಲಿ ನಲವತ್ತು ಹುಡುಗಿಯರು. ಸ್ವಾಹಿಲಿಯಲ್ಲಿ ಕಲಿತು ಬಂದು ಇಂಗ್ಲಿಷಿಗೆ ಹೊಂದಿಕೊಳ್ಳುತ್ತಿದ್ದವರು. ಅವರಿಗೆ ಸುಲಭವಾಗಲಿ ಎಂದು ನಾನು ಅವರ ದಿನದಿನದ ಕೆಲಸದಿಂದಲೇ ಲೆಕ್ಕ ಮಾಡುತ್ತಿದ್ದೆ. ಆ ಮಂಗಳವಾರದ ಲೆಕ್ಕ ಹೀಗಿತ್ತು. ಹಾಸ್ಟೆಲಿನಲ್ಲಿ ಆರು ಕೋಣೆ, ಒಂದೊಂದು ಕೋಣೆಗೆ ಹದಿನೇಳು ಬಕೆಟ್ ನೀರು, ಅಡುಗೆಮನೆಗೆ ನಲವತ್ತೆಂಟು. ದಿನಕ್ಕೆ ಒಟ್ಟು ಎಷ್ಟು ಬಕೆಟ್ ಬೇಕು? ಈ ಸಂಖ್ಯೆಗಳನ್ನು ನಾನೇ ನೀರಿನ ಕೊಳಾಯಿಯ ಹತ್ತಿರ ಹೋಗಿ ಕೇಳಿ ಬಂದಿದ್ದೆ.

ಬೋರ್ಡಿನ ಮೇಲೆ ಬಿಡಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು ತಿರುಗಿದೆ. ಕ್ಲಾಸು ವಿಚಿತ್ರವಾಗಿ ನಿಶ್ಶಬ್ದವಾಗಿತ್ತು. ಯಾರ ಪೆನ್ನೂ ಓಡುತ್ತಿರಲಿಲ್ಲ. ಕ್ಲಾಸ್ ಲೀಡರ್ ಎಸ್ತೇರ್ ಎದ್ದೇಳಲು ಹೋಗಿ, ಪಕ್ಕದವಳು ಲಂಗ ಎಳೆದದ್ದಕ್ಕೆ ಕೂತಳು. ಏನೋ ಕಿತಾಪತಿ ನಡೆದಿದೆ ಎಂದು ನನಗೆ ಅನ್ನಿಸಿತು. ಬೆಂಚುಗಳ ನಡುವೆ ಎರಡು ಸಲ ಓಡಾಡಿದೆ, ಡೆಸ್ಕುಗಳ ಕೆಳಗೆ ಬಗ್ಗಿ ನೋಡಿದೆ. ಏನೂ ಸಿಗಲಿಲ್ಲ. ಅರ್ಥವಾಯಿತೇ ಎಂದು ಕೇಳಿದಾಗ ಎಲ್ಲರೂ ಒಟ್ಟಿಗೆ 'ಹೌದು ಟೀಚರ್' ಎಂದು ಹೇಳಿ, ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಂಡರು. ನೋಟುಬುಕ್ಕುಗಳಿಗೆ ಅವತ್ತೇ ಕೆಂಪು ಶಾಯಿಯ ಟಿಕ್ ಹಾಕಿದೆ.

ಅವತ್ತು ನೀಮಾ ಕ್ಲಾಸಿನಲ್ಲಿ ಇರಲಿಲ್ಲ. ಹಿಂದಿನ ದಿನವೇ ಟೈಫಾಯ್ಡ್ ಜ್ವರ ಬಂದು ಮಿಷನ್ ಆಸ್ಪತ್ರೆ ಸೇರಿದ್ದಳು.

ಪರೀಕ್ಷೆ

ಮೂರು ವಾರದ ಮೇಲೆ ಪರೀಕ್ಷೆ. ಹತ್ತು ಲೆಕ್ಕಗಳಲ್ಲಿ ನೀರಿನ ಲೆಕ್ಕವನ್ನೂ ಹಾಗೇ ಕೊಟ್ಟೆ. ಹಿಂದಿನ ವಾರವೇ ಹತ್ತಕ್ಕೂ ಉತ್ತರ ಬಿಡಿಸಿ, ಆ ಹಾಳೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ನೀಮಾ ಪರೀಕ್ಷೆಗೆ ಎರಡು ದಿನ ಮುಂಚೆ ಆಸ್ಪತ್ರೆಯಿಂದ ಬಂದಳು. ಮಾರನೆಯ ಬೆಳಿಗ್ಗೆಯೇ ನೀರು ಹೊತ್ತು ತಂದಳು. ಅವತ್ತು ನಾನು ಸ್ನಾನ ಮುಗಿಸಿ ಬರುವಾಗ ಟ್ರಂಕಿನ ಬೀಗ ತೆರೆದುಕೊಂಡು ನೇತಾಡುತ್ತಿತ್ತು. ನಾನೇ ಹಾಕಲು ಮರೆತಿರಬಹುದು. ಆದರೆ ನಾನು ಬೀಗ ಹಾಕಲು ಮರೆಯುವವಳಲ್ಲ ಎಂದು ನನಗೆ ನನ್ನ ಮೇಲೆ ಭಾರೀ ನಂಬಿಕೆ.

ಶನಿವಾರ ಮಧ್ಯಾಹ್ನ ಪೇಪರ್ ತಿದ್ದಲು ಕೂತೆ. ನೀರಿನ ಲೆಕ್ಕಕ್ಕೆ ಸರಿ ಉತ್ತರ ನೂರ ಐವತ್ತು. ಮೊದಲನೆಯವಳು ನೂರ ಅರವತ್ತು ಎಂದು ಬರೆದಿದ್ದಳು. ಎರಡನೆಯವಳೂ ನೂರ ಅರವತ್ತು. ಹತ್ತನೆಯ ಪೇಪರಿಗೆ ಬರುವಾಗ ನನ್ನ ಕಿವಿ ಬಿಸಿಯಾಗಿತ್ತು. ಕೊನೆಗೆ ಎಣಿಸಿದರೆ ಮೂವತ್ತೊಂಬತ್ತು ಪೇಪರಿನಲ್ಲಿ ಒಂದೇ ತಪ್ಪು ಉತ್ತರ. ಕಾಪಿ ಹೊಡೆದಿದ್ದಾರೆ, ಅದೂ ನನ್ನ ಕಣ್ಣೆದುರು. ನಾನೇ ಹುಡುಗಿಯರನ್ನು ದೂರದೂರ ಕೂರಿಸಿದ್ದೆ, ಎರಡು ಗಂಟೆ ನಿಂತೇ ಕಾದಿದ್ದೆ. ಹೇಗೆ ಹೊಡೆದರು ಎಂದು ತಿಳಿಯದ್ದೇ ಹೆಚ್ಚಿನ ಅವಮಾನವಾಯಿತು.

ನಲವತ್ತನೆಯ ಪೇಪರು ನೀಮಾಳದು. ನೂರ ಐವತ್ತು. ಉಳಿದ ಒಂಬತ್ತೂ ಸರಿ. ಮೂರು ವಾರ ಜ್ವರ ಹೊದ್ದು ಮಲಗಿದ್ದವಳಿಗೆ ಹತ್ತಕ್ಕೆ ಹತ್ತು. ನಾನು ಸಂತೋಷಪಡಬೇಕಾಗಿತ್ತು. ನನಗೆ ನೆನಪಾದದ್ದು ತೆರೆದಿದ್ದ ಬೀಗ.

ಮಾಮಾ ರೆಹೆಮಾರ ಕೋಣೆಗೆ ನೀಮಾಳನ್ನು ಕರೆಸಿದೆವು. ನನ್ನ ಟ್ರಂಕು ತೆಗೆದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ಇಡೀ ಕ್ಲಾಸು ತಪ್ಪು ಬರೆದಿರುವಾಗ ನಿನಗೊಬ್ಬಳಿಗೆ ನೂರ ಐವತ್ತು ಹೇಗೆ ಗೊತ್ತಾಯಿತು ಎಂದೆ. ಅವಳು ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡಿ, ಮತ್ತೆ ನನ್ನ ಚಪ್ಪಲಿಯ ಕಡೆ ನೋಡುತ್ತಾ ನಿಂತಳು. ಮಾಮಾ ರೆಹೆಮಾ ಸ್ವಾಹಿಲಿಯಲ್ಲಿ ಮೆಲ್ಲಗೆ ಕೇಳಿದರು. ಅದಕ್ಕೂ ಮಾತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಆ ಮೌನವೇ ಹೆಗಲು ಮುಟ್ಟಿಕೊಂಡಂತೆ ಕಂಡಿತು.

ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ ಕದ್ದವರಿಗೆ ಆ ಶಾಲೆಯಲ್ಲಿ ಜಾಗವಿಲ್ಲ. ನೀಮಾ ಓದುತ್ತಿದ್ದದ್ದು ಚರ್ಚಿನ ಸಹಾಯದಲ್ಲಿ. ಇಲ್ಲಿಂದ ಕಳಿಸಿದರೆ ಅವಳ ಓದು ಅಲ್ಲಿಗೇ ಮುಗಿಯುತ್ತದೆ, ಸುತ್ತ ಬೇರೆ ಶಾಲೆಯೇ ಇಲ್ಲ. ತಾಯಿಗೆ ಹೇಳಿ ಕಳಿಸುತ್ತೇನೆ, ಬುಧವಾರ ಬರುತ್ತಾರೆ ಎಂದರು ಮಾಮಾ ರೆಹೆಮಾ. ಆಮೇಲೆ ನನ್ನನ್ನು ಕೇಳಿದರು: "ನಿಮಗೆ ಖಚಿತ ತಾನೇ?"

"ಖಚಿತ," ಎಂದೆ.

ಆ ಸಂಜೆ ಭದ್ರಾವತಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಶಭಾಷ್ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ.

"ಕಣ್ಣಾರೆ ನೋಡಿದ್ಯಾ?"

"ನೋಡ್ಬೇಕಾಗಿಲ್ಲಣ್ಣ. ಇಪ್ಪತ್ತಾರು ವರ್ಷ ಇದೇ ಮಾಡಿದೀನಿ."

"ಅಪ್ಪ ಡ್ಯೂಟಿ ಮುಗಿಸಿ ಕಾರ್ಖಾನೆ ಗೇಟಿಗೆ ಬಂದಾಗ ಹೇಗೆ ಬರ್ತಿದ್ರು ಗೊತ್ತಾ ನಿಂಗೆ? ಕಾವಲಿನವನು ಕೇಳೋಕೆ ಮುಂಚೇನೇ ಬುತ್ತಿ ಡಬ್ಬಿ ತೆಗೆದು ಹಿಡ್ಕೊಂಡು ಬರ್ತಿದ್ರು. ಅಷ್ಟು ವರ್ಷದಲ್ಲಿ ಒಂದು ಮೊಳೆನೂ ತಂದೋರಲ್ಲ."

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಸಿಟ್ಟಿನಲ್ಲಿ ಫೋನ್ ಇಟ್ಟೆ.

ಮಂಗಳವಾರ

ನೀಮಾಳ ವಿಷಯ ತೀರ್ಮಾನವಾಯಿತು, ಇನ್ನು ಉಳಿದ ಮೂವತ್ತೊಂಬತ್ತು ಜನ ಹೇಗೆ ಕಾಪಿ ಹೊಡೆದರು ಎಂದು ಕಂಡುಹಿಡಿಯಬೇಕಿತ್ತು. ಎಲ್ಲರ ನೋಟುಬುಕ್ಕು ತರಿಸಿದೆ. ಬಾಗಿಲು ಹಾಕಿಕೊಂಡು ಒಂದೊಂದೇ ತೆರೆದೆ.

ನೀರಿನ ಲೆಕ್ಕದ ಪುಟ ಸಿಕ್ಕಿತು. ಆರು ಕೋಣೆ, ಹದಿನೇಳು ಬಕೆಟ್. ಹದಿನೇಳು ಗುಣಿಲೆ ಆರು, ನೂರ ಹನ್ನೆರಡು. ಅದಕ್ಕೆ ನಲವತ್ತೆಂಟು ಸೇರಿಸಿದರೆ ನೂರ ಅರವತ್ತು. ಅದರ ಪಕ್ಕ ನನ್ನದೇ ಕೆಂಪು ಟಿಕ್. ಎರಡನೆಯ ಪುಸ್ತಕದಲ್ಲೂ ಅದೇ, ಅದೇ ಟಿಕ್. ನನಗೆ ಏಳನೆಯ ಪುಸ್ತಕದವರೆಗೆ ಅರ್ಥವೇ ಆಗಲಿಲ್ಲ. ಆಮೇಲೆ ಬಾಯಿ ಬಿಟ್ಟು ಮಗ್ಗಿ ಹೇಳಿಕೊಂಡೆ. ಹದಿನೇಳು ಆರ್ಲ ನೂರ ಎರಡು. ಎರಡನೇ ಕ್ಲಾಸಿನಲ್ಲಿ ಅಪ್ಪ ಬಾಯಿಪಾಠ ಮಾಡಿಸಿದ್ದ ಮಗ್ಗಿ. ಬೋರ್ಡಿನ ಮೇಲೆ ನೂರ ಹನ್ನೆರಡು ಎಂದು ಬರೆದವಳು ನಾನು. ಉತ್ತರದ ಕೆಳಗೆ ಎರಡು ಗೆರೆ ಎಳೆದವಳೂ ನಾನು.

ಬಹಳಷ್ಟು ಪುಸ್ತಕಗಳ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಅದೇ ಲೆಕ್ಕವನ್ನು ಮತ್ತೆ ಮಾಡಿದ್ದರು. ಅಲ್ಲೆಲ್ಲ ನೂರ ಐವತ್ತು. ನೀಮಾಳ ಪುಸ್ತಕದಲ್ಲಿ ಮಾತ್ರ ಆ ಮಂಗಳವಾರದ ಪುಟವೇ ಇರಲಿಲ್ಲ.

ಎಸ್ತೇರಳನ್ನು ಕರೆದು, ಯಾರಿಗೂ ಶಿಕ್ಷೆಯಿಲ್ಲ, ನಿಜ ಹೇಳು ಎಂದೆ. ಅವಳು ಬಾಗಿಲಿಗೆ ಒರಗಿ, ಉಗುರು ನೋಡಿಕೊಂಡು ಮಾತಾಡಿದಳು.

"ನೀರು ಹೊರೋರು ನಾವೇ ಅಲ್ವಾ ಟೀಚರ್. ನೂರ ಐವತ್ತು ಅಂತ ನಮ್ಮ ಕುತ್ತಿಗೆಗೇ ಗೊತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ದೊಡ್ಡವರು. ಅಷ್ಟು ದೂರದಿಂದ ಬಂದಿದೀರಿ. ಎಲ್ಲರ ಮುಂದೆ ನಿಮ್ಮ ತಪ್ಪು ಹೇಗೆ ಹೇಳೋದು? ಪರೀಕ್ಷೇಲಿ ಬೇರೆ ಉತ್ತರ ಬರೆದರೆ ಆಗಲೂ ನಿಮಗೆ ನಾಚಿಕೆ ಆಗುತ್ತೆ. ಹಾಸ್ಟೆಲಿನಲ್ಲಿ ಕೂತು ಮಾತಾಡಿದ್ವಿ. ಟೀಚರ್ ಹೇಳಿದ್ದನ್ನೇ ಬರೆಯೋಣ ಅಂದ್ವಿ."

ನೀಮಾಳಿಗೆ ಯಾಕೆ ತಿಳಿಸಲಿಲ್ಲ ಎಂದು ಕ್ಷೀಣವಾಗಿ ಕೇಳಿದೆ. ಆಗ ಆಸ್ಪತ್ರೆಯಲ್ಲಿದ್ದಳು, ಬಂದ ಮೇಲೆ ಹೇಳುವುದು ಮರೆತುಹೋಯಿತು ಎಂದಳು. ಪರೀಕ್ಷೆ ಮುಗಿದ ದಿನ ಅವಳಿಗೆ ಎಲ್ಲಾ ಗೊತ್ತಾಯಿತಂತೆ. ಅಂದರೆ ಮಾಮಾ ರೆಹೆಮಾರ ಕೋಣೆಯಲ್ಲಿ ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದಾಗ ಅವಳ ಬಾಯಲ್ಲಿ ಉತ್ತರವಿತ್ತು. 'ಟೀಚರ್, ತಪ್ಪು ನಿಮ್ಮದು' ಎನ್ನುವ ಬದಲು ಕಳ್ಳಿ ಎನ್ನಿಸಿಕೊಂಡು ಮನೆಗೆ ಹೋಗಲು ತಯಾರಾಗಿ ನಿಂತಿದ್ದಳು.

ಎಸ್ತೇರ್ ಹೋದ ಮೇಲೆ ನಾನು ಅತ್ತೆ. ನಾಚಿಕೆಗೆ ಅತ್ತೆನೋ ಭಯಕ್ಕೋ ಗೊತ್ತಿಲ್ಲ. ನಾಳೆಯೇ ಬುಧವಾರ. ಜೊತೆಗೆ ಇನ್ನೊಂದು ಯೋಚನೆಯೂ ಬಂದು ಕೂತಿತು. ಶಿವಮೊಗ್ಗದಲ್ಲಿ ಇಪ್ಪತ್ತಾರು ವರ್ಷ ನಾನು 'ಖಚಿತ' ಎಂದಾಗಲೆಲ್ಲ ಎದುರು ತಲೆ ತಗ್ಗಿಸಿ ನಿಂತಿದ್ದ ಮಕ್ಕಳಲ್ಲಿ ಎಷ್ಟು ಜನ ಸುಮ್ಮನೆ ನಿಂತಿದ್ದರು?

ಬುಧವಾರ

ಬೆಳಿಗ್ಗೆ ಮಾಮಾ ರೆಹೆಮಾರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದದ್ದಕ್ಕೆ ಬೇಡ ಎಂದೂ ಹೇಳಲಿಲ್ಲ.

ರಿಮ್ಮು ಬಡಿಯಿತು. ಇನ್ನೂರು ಹುಡುಗಿಯರ ಮುಂದೆ ನಿಂತು ಸರಳ ಇಂಗ್ಲಿಷಿನಲ್ಲಿ ಹೇಳಿದೆ. ಬೋರ್ಡಿನ ಮೇಲೆ ತಪ್ಪು ಬರೆದವಳು ನಾನು. ನೀಮಾ ಏನನ್ನೂ ಕದ್ದಿಲ್ಲ. ನಾನು ಸುಳ್ಳು ಆರೋಪ ಹೊರಿಸಿದೆ, ನನ್ನನ್ನು ಕ್ಷಮಿಸಬೇಕು. ಮಾತು ಮುಗಿಯುವಾಗ ಇನ್ನೂರು ತಲೆಗಳೂ ಕೆಳಗೆ ಬಾಗಿದ್ದವು, ಬೈಸಿಕೊಂಡವರು ಅವರೇ ಎನ್ನುವ ಹಾಗೆ.

ಆಗ ಮಾಮಾ ರೆಹೆಮಾ ಮುಂದೆ ಬಂದು ಸ್ವಾಹಿಲಿಯಲ್ಲಿ ಮಾತಾಡಿದರು. ಒಂದು ನಿಮಿಷದೊಳಗೆ ಹುಡುಗಿಯರ ತಲೆಗಳು ಎದ್ದವು. ಎರಡು ನಿಮಿಷಕ್ಕೆ ನಗು ಬಂತು. ಆಮೇಲೆ ಚಪ್ಪಾಳೆ, ನಮ್ಮಲ್ಲಿ ಕೇಳದಂಥ, ನಾಲಿಗೆ ಆಡಿಸಿ ಹಾಕುವ ಕೇಕೆ. ನನಗೆ ಅನುಮಾನ ಬಂತು. ಏನೆಂದಿರಿ ಎಂದು ಕಿವಿಯಲ್ಲಿ ಕೇಳಿದೆ.

"ನೀವು ಬೇಕಂತಲೇ ತಪ್ಪು ಬರೆದಿರಿ ಅಂದೆ. ಯಾರಿಗೆ ನಿಜ ಬರೆಯೋ ಧೈರ್ಯ ಇದೆ ಅಂತ ನೋಡೋಕೆ. ನೀಮಾ ಒಬ್ಬಳೇ ಗೆದ್ದಳು ಅಂದೆ."

"ಅದು ನಿಜವಲ್ಲ, ಮಾಮಾ."

"ಗೊತ್ತು. ಆದರೆ ಎರಡು ವರ್ಷ ಮುಗಿಯೋವರೆಗೂ ಇವರ ಮುಂದೆ ನಿಂತು ನೀವು ಪಾಠ ಮಾಡಬೇಕಲ್ಲ." ನನ್ನ ಕೈ ಹಿಡಿದು ಎಲ್ಲರಿಗೂ ಕಾಣುವ ಹಾಗೆ ಕುಲುಕಿದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮತ್ತೆ ಮುಂದೆ ಹೋಗಿ ಅಲ್ಲಗಳೆಯಬೇಕಿತ್ತು. ಹೋದರೆ ಅಷ್ಟು ಜನರ ಮುಂದೆ ಆ ಹಿರಿಯಳು ಸುಳ್ಳಿ ಎಂದಾಗುತ್ತಿತ್ತು. ನಾನು ಸುಮ್ಮನೆ ನಿಂತೆ. ಹುಡುಗಿಯರು ನನ್ನ ನೂರ ಅರವತ್ತಕ್ಕೆ ಸುಮ್ಮನಿದ್ದ ಹಾಗೆ. ಅವರದು ಮರ್ಯಾದೆಯಾಗಿತ್ತು. ನನ್ನದು ಮರ್ಯಾದೆಯೋ, ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನವೋ, ಆ ಅನುಮಾನ ಇನ್ನೂ ಹೋಗಿಲ್ಲ.

ನೀಮಾಳ ತಾಯಿ ಆಗಲೇ ಬಂದು ಅತಿಥಿ ಕೋಣೆಯಲ್ಲಿ ಕೂತಿದ್ದರು. ಗುಡ್ಡದ ಹಿಂದಿನ ಊರಿನಿಂದ ಬೆಳಗಾಗುವ ಮುಂಚೆ ಹೊರಟು ನಡೆದು ಬಂದವರು. ಮಗಳ ತಗಡಿನ ಟ್ರಂಕು ಕಾಲ ಬಳಿ ಇತ್ತು, ಬೀಗವಿರಲಿಲ್ಲ, ಬಟ್ಟೆಯ ಚೂರಿನಲ್ಲಿ ಕಟ್ಟಿದ್ದರು. ನನ್ನನ್ನು ಕಂಡೊಡನೆ ಮಂಡಿ ಬಗ್ಗಿಸಿ ನಮಸ್ಕರಿಸಿದರು. ಅವರಿಗೆ ಇಂಗ್ಲಿಷ್ ಬರದು, ನನಗೆ ಬಂದದ್ದು ಹತ್ತು ಸ್ವಾಹಿಲಿ ಪದ. ನಡುವೆ ಮಾತು ದಾಟಿಸಲು ಇದ್ದವಳು ನೀಮಾ ಒಬ್ಬಳೇ.

ನಿನ್ನ ತಾಯಿಗೆ ಹೇಳು, ಧೈರ್ಯ ಪರೀಕ್ಷಿಸಲು ಬೇಕೆಂದೇ ಮಾಡಿದ್ದಲ್ಲ, ನಿಜವಾಗಿಯೂ ನನ್ನದೇ ತಪ್ಪು, ನಿನ್ನನ್ನು ಕಳ್ಳಿ ಎಂದದ್ದಕ್ಕೆ ಕ್ಷಮೆ ಕೇಳುತ್ತಿದ್ದೇನೆ ಎಂದೆ. ನೀಮಾ ತಾಯಿಯ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದಳು. ತಾಯಿಯ ಮುಖ ಅರಳಿತು. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡು ಆಡಿಸಿದರು. ಕ್ಷಮೆ ಕೇಳಿಸಿಕೊಂಡವರ ಮುಖ ಹಾಗಿರುವುದಿಲ್ಲ. ನನ್ನ ಹತ್ತು ಪದಗಳಲ್ಲಿ ಎರಡು ಕಿವಿಗೆ ಬಿದ್ದಿದ್ದವು, ಒಂದು 'ಟೀಚರ್', ಇನ್ನೊಂದು 'ಬಹುಮಾನ'. ನೀಮಾಳ ಮುಖ ನೋಡಿದೆ. ಅವಳು ನನ್ನ ಚಪ್ಪಲಿ ನೋಡುತ್ತಿದ್ದಳು.

ತಾಯಿ ಖುಷಿಯಿಂದ ಒಬ್ಬರೇ ವಾಪಸು ಹೊರಟರು. ನಾನು ಅವರ ಜೊತೆ ಗುಡ್ಡದ ಅರ್ಧ ಇಳಿಯುವವರೆಗೆ ನಡೆದು ಹೋಗಿ ಬಂದೆ.

ಆಮೇಲೆ

ಎಲ್ಲಾ ಸರಿಯಾಯಿತು ಎಂದು ಇಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ನೀಮಾ ಶಾಲೆಯಲ್ಲಿ ಉಳಿದಳು. ಬೆಳಿಗ್ಗೆ ನೀರು ತರುತ್ತಾಳೆ. ನಾನು ಬೀಗ ಎಳೆದು ನೋಡುವುದನ್ನು ಬಿಟ್ಟಿದ್ದೇನೆ, ಬಿಟ್ಟದ್ದು ಅವಳಿಗೆ ಗೊತ್ತಾಗಲಿ ಎಂದು ಬೇಕೆಂದೇ ಬಾಗಿಲಲ್ಲೇ ನಿಂತಿರುತ್ತೇನೆ. ಅವಳು ಈಗಲೂ 'ಹೋದಿ' ಎಂದೇ ಕೂಗುತ್ತಾಳೆ, ನಾನು ಎದುರಿಗೇ ನಿಂತಿದ್ದರೂ.

ಮುಂದಿನ ತಿಂಗಳ ಪರೀಕ್ಷೆಯಲ್ಲಿ ಅವಳ ಪೇಪರನ್ನು ಎರಡೆರಡು ಸಲ ತಿರುವಿ ನೋಡಿದೆ. ಹತ್ತು ಲೆಕ್ಕದಲ್ಲೂ ಒಂದೊಂದು ಹಂತವೂ ಮುತ್ತಿನ ಹಾಗೆ ಬರೆದಿದ್ದಳು. ಕೊನೆಯ ಸಾಲಿನಲ್ಲಿ ಸಮ ಚಿಹ್ನೆ ಹಾಕಿ, ಮುಂದೆ ಏನೂ ಇಲ್ಲ. ಹತ್ತು ಕಡೆಯೂ ಖಾಲಿ. ಕರೆದು ಕೇಳಿದೆ. ಉತ್ತರ ಗೊತ್ತಿತ್ತು ತಾನೇ ಎಂದರೆ ಹೌದು ಎಂದಳು. ಮತ್ತೆ ಯಾಕೆ ಬರೆಯಲಿಲ್ಲ ಎಂದೆ.

"ನೀವೇ ಬರೀರಿ, ಟೀಚರ್," ಎಂದಳು.

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಹಿಡಿಯಲು ಬರುತ್ತಿತ್ತು. ನಾನು ಏನು ಬಯಸುತ್ತೇನೆ ಎನ್ನುವುದು ಈ ಮಗುವಿಗೆ ತಿಳಿಯದೆ ಹೋಗಿದೆ. ನಾನು ಅವಳನ್ನು ನಂಬದೆ ಹೋದದ್ದು ಮೂರು ದಿನ. ಅವಳು ನನ್ನನ್ನು ನಂಬದೆ ಇರುವುದು ಎಷ್ಟು ದಿನವೋ.

ಅಂದಿನಿಂದ ಸಂಜೆ ಹೊತ್ತು ಅವಳನ್ನು ನನ್ನ ಮೇಜಿನ ಬಳಿ ಕೂರಿಸಿಕೊಂಡು ಒಂದೇ ಒಂದು ಲೆಕ್ಕ ಕೊಡುತ್ತೇನೆ. ಅವಳು ಚಕಚಕ ಮಾಡುತ್ತಾಳೆ. ಸಮ ಚಿಹ್ನೆಗೆ ಬಂದು ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ನನ್ನ ಹುಬ್ಬು ಏರಿತೇ, ತುಟಿ ಬಿಗಿಯಿತೇ ಎಂದು ಹುಡುಕುತ್ತಾಳೆ. ಕೊಠಡಿ ಮೇಲ್ವಿಚಾರಣೆಯಲ್ಲಿ ನಾನು ಮಕ್ಕಳನ್ನು ನೋಡುತ್ತಿದ್ದದ್ದು ಹೀಗೇ. ಹಲವು ವಾರ ಖಾಲಿ ಜಾಗ ಖಾಲಿಯೇ ಉಳಿಯಿತು.

ಕಳೆದ ಶುಕ್ರವಾರ ನಾನು ಕುರ್ಚಿ ತಿರುಗಿಸಿ, ಮುಖ ಗೋಡೆಯ ಕಡೆ ಮಾಡಿ ಕೂತೆ. ಈಗ ನೋಡಲು ಅವಳಿಗೆ ನನ್ನ ಬೆನ್ನು ಬಿಟ್ಟರೆ ಏನೂ ಇರಲಿಲ್ಲ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಎದ್ದು ಹೋದಳೇ ಎಂದು ತಿರುಗಿ ನೋಡುವ ಆಸೆ ತಡೆಯಲಾರದಷ್ಟಾಯಿತು. ಆಮೇಲೆ ಕಾಗದದ ಮೇಲೆ ಪೆನ್ಸಿಲ್ ಗೀಚಿದ ಸದ್ದು ಬಂತು.

"ಬರೆದೆ, ಟೀಚರ್. ನೋಡಿ."

"ನೀನೇ ನೋಡು. ಸರಿ ಇದೆಯಾ?"

ಅವಳು ಮತ್ತೆ ಮೊದಲಿನಿಂದ ಪಿಸುಗುಟ್ಟುತ್ತಾ ಎಣಿಸಿದಳು.

"ಸರಿ ಇದೆ," ಎಂದಳು.

ತಿರುಗಿ, ಪುಟ ನೋಡದೆ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟೆ.